ಖಾಲಾ ಕೇಳಿದ ಪ್ರಶ್ನೆ

ಕಳೆದ ರಂಜಾನ್ ಹಬ್ಬ ಮುಗಿದು ಎರಡು ವಾರಕ್ಕೆ ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ತಮ್ಮ ಮಗುವನ್ನು ಕಳೆದುಕೊಂಡರು. ಹದಿನಾಲ್ಕು ತಿಂಗಳ ಗಂಡು ಮಗು. ಹುಟ್ಟುವಾಗಲೇ ಹೃದಯದಲ್ಲಿ ರಂಧ್ರವಿತ್ತು. ಒಂದು ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಮಗುವಿನ ತೂಕ ಹೆಚ್ಚಲಿ ಎಂದು ಕಾಯುತ್ತಿದ್ದರು. ಅಷ್ಟರಲ್ಲಿ ನ್ಯುಮೋನಿಯಾ ಬಂತು.

ಸಾಂತ್ವನ ಹೇಳಲು ಬಂದವರೆಲ್ಲ ಒಳ್ಳೆಯ ಮನಸ್ಸಿನವರೇ. ಅಲ್ಲಾಹನ ಮರ್ಜಿ ಎಂದರು, ಸಬರ್ ಮಾಡು ಎಂದರು. ಹಿರಿಯರೊಬ್ಬರು ಮಾತ್ರ ಇನ್ನೂ ಮುಂದೆ ಹೋಗಿ, "ದೊಡ್ಡವನಾದ ಮೇಲೆ ಕೆಟ್ಟ ದಾರಿ ಹಿಡಿಯುತ್ತಿದ್ದನೋ ಏನೋ, ಅದಕ್ಕೇ ಅಲ್ಲಾಹ್ ಮೊದಲೇ ಕರೆದುಕೊಂಡ" ಎಂದರು. ಖಾಲಾ ಏನೂ ಹೇಳಲಿಲ್ಲ. ರಾತ್ರಿ ನಾನು ಪಾತ್ರೆ ತೊಳೆಯುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತರು. "ಬೇಟಾ, ನೀನು ಕಾಲೇಜಿಗೆ ಹೋಗ್ತೀಯಲ್ಲ, ನೀನೇ ಹೇಳು. ಅಲ್ಲಾಹ್ ರಹಮಾನ್. ಹಾಗಿದ್ರೆ ನನ್ನ ಮಗು ಉಸಿರಿಗೆ ಅಷ್ಟು ಕಷ್ಟಪಟ್ಟಿದ್ದು ಯಾಕೆ?" (ಕೇಳಿದ್ದು ಉರ್ದುವಿನಲ್ಲಿ, ಕನ್ನಡ ನನ್ನದು.)

ನಾನು ಕಾಮರ್ಸ್ ವಿದ್ಯಾರ್ಥಿನಿ. ಉತ್ತರ ಇರಲಿಲ್ಲ. ಆಮೇಲೆ ಲೈಬ್ರರಿಯಲ್ಲಿ ಓದಿ, ನಮ್ಮ ಮೊಹಲ್ಲಾದ ಮೌಲಾನಾ ಅವರನ್ನೂ ಇತಿಹಾಸದ ಲೆಕ್ಚರರ್ ಅವರನ್ನೂ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಪ್ರಶ್ನೆಯನ್ನೇ ಸರಿಯಾಗಿ ಬಿಡಿಸಿಕೊಳ್ಳಬೇಕು. ದೇವರು ಸರ್ವಶಕ್ತ. ದೇವರು ಒಳ್ಳೆಯವನು. ಲೋಕದಲ್ಲಿ ನೋವಿದೆ. ಈ ಮೂರರಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಹೊಂದುತ್ತವೆ, ಮೂರನೆಯದು ಬಂದಾಗ ಜಗಳ ಶುರುವಾಗುತ್ತದೆ. ತಡೆಯಲು ಆಗದಿದ್ದರೆ ಶಕ್ತಿ ಎಲ್ಲಿ? ಆಗಿಯೂ ತಡೆಯದಿದ್ದರೆ ದಯೆ ಎಲ್ಲಿ? ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಹೀಗೆ ಕೇಳಿದ್ದ ಎಂದು ಹೇಳುತ್ತಾರೆ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದನ್ನೇ ಮತ್ತೆ ಎತ್ತಿದ. ಅಂದರೆ ಖಾಲಾ ಕೇಳಿದ್ದು ಎರಡು ಸಾವಿರ ವರ್ಷಕ್ಕೂ ಹಳೆಯ ಪ್ರಶ್ನೆ. ಇದನ್ನು ಕೇಳಿದರೆ ಈಮಾನ್ ಹೋಗುತ್ತದೆ ಎಂದು ಹೆದರುವವರಿಗೆ ನಾನು ಹೇಳುವುದಿಷ್ಟೇ, ನಮ್ಮ ದೊಡ್ಡ ದೊಡ್ಡ ಉಲೇಮಾಗಳು ಇದರ ಮೇಲೆ ಶತಮಾನಗಟ್ಟಲೆ ವಾದ ಮಾಡಿದ್ದಾರೆ.

ಮನುಷ್ಯ ಮಾಡುವ ಕೆಡುಕಿಗೆ ಉತ್ತರ ಸ್ವಲ್ಪ ಸುಲಭ. ಕೊಲೆ, ಮೋಸ, ಯುದ್ಧ ಇವೆಲ್ಲ ನಮ್ಮ ಕೈಯ ಕೆಲಸ. ಆಯ್ಕೆಯ ಸ್ವಾತಂತ್ರ್ಯ ಕೊಟ್ಟ ಮೇಲೆ ಕೆಟ್ಟದ್ದನ್ನು ಆರಿಸುವವರೂ ಇರುತ್ತಾರೆ. ಆದರೆ ಮಗುವಿನ ಹೃದಯದ ರಂಧ್ರವನ್ನು ಯಾರೂ ಆರಿಸಲಿಲ್ಲ. ಆದ್ದರಿಂದ ಈ ಉತ್ತರ ಖಾಲಾಗೆ ಉಪಯೋಗವಿಲ್ಲ.

ಬಸ್ರಾ ನಗರದಲ್ಲಿ ಬೆಳೆದ ಮುಅತಝಿಲಾ ಪಂಥದವರು ದೇವರ ನ್ಯಾಯದ ಬಗ್ಗೆ ಬಹಳ ಗಟ್ಟಿಯಾಗಿದ್ದರು. ಅಲ್ಲಾಹ್ ಅನ್ಯಾಯ ಮಾಡುವುದು ಸಾಧ್ಯವೇ ಇಲ್ಲ, ಆದ್ದರಿಂದ ತಪ್ಪಿಲ್ಲದೆ ನೊಂದ ಮಕ್ಕಳಿಗೆ, ಪ್ರಾಣಿಗಳಿಗೆ ಕೂಡ, ಆತ ಪರಲೋಕದಲ್ಲಿ ಪರಿಹಾರ ಕೊಟ್ಟೇ ಕೊಡುತ್ತಾನೆ ಎಂದರು. ಓದಿದಾಗ ನನಗೆ ಬಿಸಿನೆಸ್ ಸ್ಟಡೀಸ್‌ನ ವಿಮೆಯ ಪಾಠ ನೆನಪಾಯಿತು. ಅಂಗಡಿ ಸುಟ್ಟರೆ ಆದ ನಷ್ಟವನ್ನು ತುಂಬಿಕೊಡುತ್ತಾರೆ. ಜೀವವಿಮೆಗೆ ಮಾತ್ರ ಈ ನಿಯಮವಿಲ್ಲ, ಏಕೆಂದರೆ ಜೀವದ ಬೆಲೆಯನ್ನು ಲೆಕ್ಕ ಹಾಕಲಾಗದು. ದೇವರು ಕೊಡುವ ಪರಿಹಾರ ನಮ್ಮ ಲೆಕ್ಕಕ್ಕಿಂತ ದೊಡ್ಡದು ಎಂದು ನಾನೂ ನಂಬುತ್ತೇನೆ. ಆದರೂ ಬೆಂಕಿ ಯಾಕೆ ಬಿತ್ತು ಎಂಬ ಪ್ರಶ್ನೆಗೆ ಪರಿಹಾರದ ಹಣ ಉತ್ತರವಲ್ಲ.

ಈ ಪಂಥದ ಗುರು ಜುಬ್ಬಾಯಿ. ಅವರ ಶಿಷ್ಯರಾಗಿದ್ದು ಆಮೇಲೆ ಬೇರೆಯಾದವರು ಇಮಾಮ್ ಅಶ್ಅರಿ. ಇಬ್ಬರ ನಡುವೆ ನಡೆಯಿತೆಂದು ಒಂದು ಸಂಭಾಷಣೆ ಹೇಳುತ್ತಾರೆ. ಮೂವರು ಅಣ್ಣತಮ್ಮಂದಿರು. ಒಬ್ಬ ಸಜ್ಜನನಾಗಿ ಬಾಳಿದ, ಒಬ್ಬ ದುಷ್ಟನಾಗಿ, ಮತ್ತೊಬ್ಬ ಮಗುವಾಗಿರುವಾಗಲೇ ತೀರಿಕೊಂಡ. ಸಜ್ಜನನಿಗೆ ಸ್ವರ್ಗದ ಮೇಲಿನ ದರ್ಜೆ ಸಿಕ್ಕಿತು. ಮಗು ಕೇಳುತ್ತದೆ, "ನನಗೂ ಆಯಸ್ಸು ಕೊಟ್ಟಿದ್ದರೆ ನಾನೂ ಒಳ್ಳೆಯ ಕೆಲಸ ಮಾಡುತ್ತಿದ್ದೆನಲ್ಲ?" ಜುಬ್ಬಾಯಿ ಪ್ರಕಾರ ದೇವರ ಉತ್ತರ, "ನೀನು ಬೆಳೆದಿದ್ದರೆ ಕೆಟ್ಟವನಾಗುತ್ತಿದ್ದೆ, ನಿನ್ನ ಒಳ್ಳೆಯದಕ್ಕೇ ಬೇಗ ಕರೆದುಕೊಂಡೆ." ಆಗ ನರಕದಿಂದ ದುಷ್ಟ ಕೂಗುತ್ತಾನೆ, "ಹಾಗಾದರೆ ನನ್ನನ್ನು ಯಾಕೆ ಚಿಕ್ಕಂದಿನಲ್ಲೇ ಕರೆದುಕೊಳ್ಳಲಿಲ್ಲ?" ಅಶ್ಅರಿ ಇಷ್ಟು ಕೇಳಿದಾಗ ಜುಬ್ಬಾಯಿ ಸುಮ್ಮನಾದರಂತೆ.

ಇದನ್ನು ಓದಿದ ದಿನ ನನಗೆ ಕೋಪವೂ ಬಂತು, ಸಮಾಧಾನವೂ ಆಯಿತು. ನಮ್ಮ ಮನೆಯ ಪಡಸಾಲೆಯಲ್ಲಿ ಆ ಹಿರಿಯರು ಹೇಳಿದ ಮಾತಿಗೆ ಉತ್ತರ ಸಾವಿರ ವರ್ಷದ ಹಿಂದೆಯೇ ಬಂದುಹೋಗಿತ್ತು.

ಅಶ್ಅರಿಯವರ ನಿಲುವು ಬೇರೆ. ಅಲ್ಲಾಹ್ ಎಲ್ಲದರ ಮಾಲೀಕ, ನಮ್ಮ ನ್ಯಾಯದ ಅಳತೆಪಟ್ಟಿ ಹಿಡಿದು ಆತನನ್ನು ಅಳೆಯುವಂತಿಲ್ಲ. ಇದು ಗಟ್ಟಿಯಾದ ಮಾತು. ಆದರೆ ಪೂರ್ತಿ ಹೀಗೇ ಹೇಳಿದರೆ ಅಲ್ಲಾಹ್ ಒಳ್ಳೆಯವನು ಎಂಬ ವಾಕ್ಯದಲ್ಲಿ 'ಒಳ್ಳೆಯ' ಎಂದರೆ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಸಮರ್‌ಕಂದ್‌ನ ಇಮಾಮ್ ಮಾತುರೀದಿ, ನಮ್ಮ ಕಡೆಯ ಹನಫಿಗಳಲ್ಲಿ ಹೆಚ್ಚಿನವರು ಅಕೀದಾದಲ್ಲಿ ಅನುಸರಿಸುವುದು ಇವರನ್ನೇ, ನಡುವಿನ ದಾರಿ ಹಿಡಿದರು. ಆತನ ಪ್ರತಿಯೊಂದು ಕೆಲಸದಲ್ಲೂ ಹಿಕ್ಮತ್ ಇದೆ, ಅದು ಏನೆಂದು ನಮಗೆ ಯಾವಾಗಲೂ ತಿಳಿಯಬೇಕೆಂದಿಲ್ಲ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ, ಈಗಿರುವುದಕ್ಕಿಂತ ಉತ್ತಮವಾದ ಲೋಕ ಸಾಧ್ಯವಿಲ್ಲ ಎಂದರು. ಅದರ ಮೇಲೂ ಶತಮಾನಗಳ ಕಾಲ ಚರ್ಚೆ ನಡೆಯಿತು. ಯುರೋಪಿನಲ್ಲಿ ಲೈಬ್ನಿಟ್ಸ್ 1710ರಲ್ಲಿ ಇಂಥದ್ದೇ ಮಾತನ್ನು ಬರೆದ. 1755ರ ನವೆಂಬರ್ 1ರ ಬೆಳಿಗ್ಗೆ, ಕ್ರೈಸ್ತರ ಹಬ್ಬದ ದಿನ ಚರ್ಚುಗಳು ತುಂಬಿದ್ದಾಗ, ಲಿಸ್ಬನ್ ನಗರ ಭೂಕಂಪದಿಂದ ಕುಸಿಯಿತು. ನಂತರ ಸಮುದ್ರ ನುಗ್ಗಿತು, ಬೆಂಕಿ ಹತ್ತಿತು. ಸಾವಿರಾರು ಜನ ಸತ್ತರು. ಆಮೇಲೆ ವೋಲ್ಟೇರ್ ಲೈಬ್ನಿಟ್ಸ್‌ನ ಮಾತನ್ನು ಒಂದು ಕಾದಂಬರಿಯನ್ನೇ ಬರೆದು ಗೇಲಿ ಮಾಡಿದ.

ಹೆಚ್ಚು ಕೇಳುವ ಉತ್ತರ ಆಜ್ಮಾಯಿಷ್, ಪರೀಕ್ಷೆ. ಭಯ, ಹಸಿವು, ಆಸ್ತಿ ಮತ್ತು ಜೀವಗಳ ನಷ್ಟದಿಂದ ಪರೀಕ್ಷಿಸುವುದಾಗಿ ಕುರ್‌ಆನ್‌ನಲ್ಲೇ ಇದೆ, ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪರೀಕ್ಷೆ ಖಾಲಾಗೆ ಎನ್ನುವುದಾದರೆ ಉಸಿರಿಗೆ ಒದ್ದಾಡಿದ್ದು ಮಗು. ನನ್ನ ಬೆಂಚಿನ ಗೆಳತಿಯ ಮನೆಯಲ್ಲಿ ಇದಕ್ಕೆ ಪೂರ್ವಜನ್ಮದ ಕರ್ಮ ಎನ್ನುತ್ತಾರಂತೆ. ಹೋದ ವರ್ಷದ ಬಾಕಿಯನ್ನು ಈ ವರ್ಷಕ್ಕೆ ಕ್ಯಾರಿ ಫಾರ್ವರ್ಡ್ ಮಾಡಿದ ಹಾಗೆ ಎಂದು ವಿವರಿಸಿದಳು. ನಾವು ಅದನ್ನು ನಂಬುವುದಿಲ್ಲ. ಆದರೆ ಅವಳೇ ಕೊನೆಗೆ, "ಇದನ್ನ ನಿನ್ನ ಖಾಲಾ ಎದುರು ಮಾತ್ರ ಹೇಳಬೇಡ ಕಣೇ" ಅಂದಳು. ಅವಳ ಮೇಲೆ ನನಗೆ ಗೌರವ ಹೆಚ್ಚಾಯಿತು.

ವಿಧಿ ಎಂದು ಸುಮ್ಮನೆ ಕೂರುವುದೂ ನಮ್ಮ ದೀನ್ ಕಲಿಸಿದ್ದಲ್ಲ. ಹಿಜ್ರಿ 18ರಲ್ಲಿ ಶಾಮ್ ಪ್ರದೇಶದಲ್ಲಿ ಅಮ್ವಾಸ್‌ನ ಪ್ಲೇಗ್ ಹರಡಿದಾಗ ಹಜ್ರತ್ ಉಮರ್(ರ) ಅತ್ತ ಹೊರಟಿದ್ದವರು ದಾರಿಯಿಂದಲೇ ಹಿಂದಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಹಜ್ರತ್ ಅಬೂ ಉಬೈದಾ(ರ) ಕೇಳಿದರು. ಒಂದು ವಿಧಿಯಿಂದ ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದಲ್ಲಿ ಉಮರ್(ರ) ಉತ್ತರಿಸಿದರು. ಕಣಿವೆಯ ಒಂದು ಬದಿ ಹಸಿರು, ಒಂದು ಬದಿ ಬರಡು ಇದ್ದರೆ ಒಂಟೆಗಳನ್ನು ಎತ್ತ ಮೇಯಿಸಿದರೂ ಅದು ವಿಧಿಯೇ ಅಲ್ಲವೇ ಎಂದೂ ಕೇಳಿದರು. ಅಬೂ ಉಬೈದಾ(ರ) ಅದೇ ಪ್ಲೇಗ್‌ನಲ್ಲಿ ವಫಾತ್ ಆದರು. ಆಪರೇಷನ್, ಔಷಧ, ಲಸಿಕೆ ಎಲ್ಲವೂ ಹಸಿರು ಬದಿಯೇ. ಖಾಲಾ, ಖಾಲೂ ಒಡವೆ ಮಾರಿ ಮಾಡಿಸಿದ್ದೂ ಅದನ್ನೇ.

ಅಳುವುದನ್ನು ಸಬರ್‌ಗೆ ವಿರುದ್ಧ ಎಂದು ತಿಳಿದವರು ಪ್ರವಾದಿ ಯಾಕೂಬ್(ಅ) ಅವರನ್ನು ನೆನೆಯಬೇಕು. ಮಗ ಯೂಸುಫ್‌ಗಾಗಿ ಅತ್ತು ಅತ್ತು ಅವರ ಕಣ್ಣು ಬಿಳುಪೇರಿತು. ಪ್ರವಾದಿ ಮುಹಮ್ಮದ್(ಸ) ಅವರ ಮಗು ಇಬ್ರಾಹೀಮ್ ತೀರಿಕೊಂಡಾಗ ಅವರ ಕಣ್ಣಲ್ಲೂ ನೀರು ಬಂತು. ಅದೇ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೇ ಗ್ರಹಣ ಹಿಡಿಯಿತು ಎಂದು ಜನ ಮಾತಾಡಿಕೊಂಡರು. ಯಾರ ಸಾವಿಗೂ ಹುಟ್ಟಿಗೂ ಗ್ರಹಣ ಆಗುವುದಿಲ್ಲ ಎಂದು ಅವರು ತಿಳಿಸಿದರು. ತಮ್ಮದೇ ಮಗುವಿನ ಸಾವಿಗೆ ಜನ ಕಟ್ಟಿದ ಕಾರಣವನ್ನು ಅವರು ಒಪ್ಪಲಿಲ್ಲ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ವ್ಯತ್ಯಾಸವನ್ನು ಸಸ್ಪೆನ್ಸ್ ಅಕೌಂಟ್‌ಗೆ ಹಾಕುತ್ತೇವೆ. ಪುಸ್ತಕವನ್ನು ಹರಿದು ಹಾಕುವುದಿಲ್ಲ, ಅಂಕಿ ತಿದ್ದಿ ತಾಳೆ ಮಾಡುವುದೂ ಇಲ್ಲ. ಅದು ಉತ್ತರವಲ್ಲ, ತಪ್ಪು ಸಿಗುವವರೆಗೆ ಹುಡುಕುತ್ತಲೇ ಇರಬೇಕು ಎಂದು ಅಕೌಂಟೆನ್ಸಿ ಸರ್ ಹೇಳುತ್ತಿರುತ್ತಾರೆ. ಸದ್ಯಕ್ಕೆ ನನ್ನ ಲೆಕ್ಕ ಅಲ್ಲಿದೆ.

ಹೋದ ಜುಮಾ ದಿನ ಖಾಲಾ ಮನೆಗೆ ಹೋಗಿದ್ದೆ. ಅವರು ಸೂರಃ ಕಹ್ಫ್ ಓದಿ ಮುಗಿಸಿದ್ದರು. ಅದರಲ್ಲಿ ಮೂಸಾ(ಅ) ಮತ್ತು ಖಿಜರ್ ಅವರ ಕಥೆ ಇರುವುದು ನಿಮಗೆಲ್ಲ ಗೊತ್ತು. ಖಿಜರ್ ಬಡವರ ದೋಣಿಗೆ ತೂತು ಮಾಡುತ್ತಾರೆ, ಒಬ್ಬ ಹುಡುಗನ ಪ್ರಾಣ ತೆಗೆಯುತ್ತಾರೆ, ಬೀಳುವ ಗೋಡೆಯನ್ನು ಕೂಲಿ ಇಲ್ಲದೆ ನಿಲ್ಲಿಸುತ್ತಾರೆ. ಕೊನೆಗೆ ಮೂರಕ್ಕೂ ಕಾರಣ ಹೇಳುತ್ತಾರೆ. ಆ ಹಿರಿಯರು ಅಂದು ಹೇಳಿದ ಮಾತು ಇಲ್ಲಿಂದಲೇ ಬಂದದ್ದು. ಆದರೆ ಖಿಜರ್‌ಗೆ ಅಲ್ಲಾಹ್ ತಿಳಿಸಿದ್ದ, ಆ ಹಿರಿಯರಿಗೆ ಯಾರು ತಿಳಿಸಿದರು?

"ಆ ಹುಡುಗನ ಅಮ್ಮ ಅಪ್ಪನಿಗೆ ಖಿಜರ್ ಹೋಗಿ ಕಾರಣ ಹೇಳಿದ್ರಾ?" ಎಂದು ಖಾಲಾ ಕೇಳಿದರು.

ಸೂರಃದಲ್ಲಿ ಹಾಗೆ ಇಲ್ಲ, ಹೇಳಿದ್ದು ಮೂಸಾ(ಅ) ಅವರಿಗೆ ಮಾತ್ರ ಎಂದೆ.

"ಹಾಗಾದ್ರೆ ಅವರಿಗೂ ಗೊತ್ತಾಗಲಿಲ್ಲ" ಎಂದು ಖಾಲಾ ಕುರ್‌ಆನನ್ನು ಬಟ್ಟೆಯಲ್ಲಿ ಸುತ್ತಿಟ್ಟು, ನನಗೆ ಚಹಾ ಮಾಡಲು ಎದ್ದರು.