ಕರಾವಳಿಗೆ ಬಂದು ಹೋದ ಲುಬಾನ್

2017 ಮುಗಿದು 2018 ಕಾಲಿಡುತ್ತಿದ್ದ ಹೊತ್ತು. ನಮ್ಮ ಕರಾವಳಿಯ ಜನ ಹೊಸ ವರ್ಷದ ಗಡಿಬಿಡಿಯಲ್ಲಿದ್ದಾಗ ದೂರದ ಒಮಾನಿನಿಂದ ಅತಿಥಿಯೊಬ್ಬಳು ಕಡಲಲ್ಲೇ ಹಾದುಹೋದಳು. ಹೆಸರು ಲುಬಾನ್. ಜಾತಿ ಹಂಪ್‌ಬ್ಯಾಕ್ ತಿಮಿಂಗಿಲ.

ಅವಳ ಬಾಲದ ಅಡಿಯಲ್ಲಿ ಮರದಂಥ ಮಚ್ಚೆಯಿದೆ. ಒಮಾನಿನಲ್ಲಿ ಬೆಳೆಯುವ ಧೂಪದ ಮರ ನೆನಪಾಗಿ ವಿಜ್ಞಾನಿಗಳು ಆ ಹೆಸರಿಟ್ಟರು. ನಾವು ಕೆಂಡಕ್ಕೆ ಹಾಕುವ ಲೋಬಾನಕ್ಕೂ ಹೆಸರು ಬಂದದ್ದು ಇದೇ ಅರಬ್ಬೀ ಪದದಿಂದ. ಮನುಷ್ಯರಿಗೆ ಬೆರಳಚ್ಚು ಇದ್ದಂತೆ ಹಂಪ್‌ಬ್ಯಾಕ್‌ಗೆ ಬಾಲದ ಗುರುತು. ಫೋಟೊ ತೆಗೆದು ತಾಳೆ ನೋಡಿದರೆ ಯಾರು ಯಾರೆಂದು ತಿಳಿಯುತ್ತದೆ.

ನವೆಂಬರಿನಲ್ಲಿ ಮಸೀರಾ ಕೊಲ್ಲಿಯಲ್ಲಿ ಲುಬಾನ್ ಬೆನ್ನಿಗೆ ಉಪಗ್ರಹಕ್ಕೆ ಸುದ್ದಿ ಕಳಿಸುವ ಪುಟ್ಟ ಟ್ಯಾಗ್ ಚುಚ್ಚಲಾಯಿತು. ಅವಳು ಉಸಿರಿಗೆಂದು ಮೇಲೆದ್ದಾಗಲೆಲ್ಲ ವಿಳಾಸ ರವಾನೆ. ಎಲ್ಲರೂ ಬೆರಗಾಗುವಂತೆ ಅವಳು ಅರಬ್ಬೀ ಸಮುದ್ರವನ್ನೇ ಅಡ್ಡ ದಾಟಿ ಗೋವಾ ಬಳಿ ಬಂದಳು. ಅಲ್ಲಿಂದ ತೆಂಕಣಕ್ಕೆ, ಭಾರತದ ತುದಿಯವರೆಗೆ. ಮತ್ತೆ ಒಮಾನಿಗೆ ವಾಪಸ್. ಇಂಥ ಪಯಣಕ್ಕೆ ಅದುವರೆಗೆ ನೇರ ಪುರಾವೆಯೇ ಇರಲಿಲ್ಲ.

ಬೇರೆಡೆಯ ಹಂಪ್‌ಬ್ಯಾಕ್‌ಗಳು ಊಟಕ್ಕೆ ಧ್ರುವದತ್ತ, ಬಾಣಂತನಕ್ಕೆ ಬೆಚ್ಚನೆಯ ಕಡಲಿಗೆ ಅಲೆಯುತ್ತವೆ. ಅರಬ್ಬೀ ಸಮುದ್ರದವು ಎಲ್ಲಿಗೂ ಹೋಗುವುದಿಲ್ಲ. ನಮಗೆ ಮಳೆ ತರುವ ನೈರುತ್ಯ ಮಾರುತವೇ ಒಮಾನ್ ತೀರದಲ್ಲಿ ತಳದ ತಣ್ಣೀರನ್ನು ಮೇಲೆಳೆದು ಮೀನಿನ ಹಬ್ಬವಿಕ್ಕುತ್ತದೆ. ಮತ್ತೇಕೆ ಅಲೆಯಬೇಕು? ಸುಮಾರು 70,000 ವರ್ಷಗಳಿಂದ ಇವು ಪ್ರತ್ಯೇಕ ಕುಲವೆಂದು ಜೀನ್ ಪರೀಕ್ಷೆ ಹೇಳುತ್ತದೆ.

ಆ ಕುಲ ಈಗ ನೂರರ ಆಸುಪಾಸಿಗೆ ಇಳಿದಿದೆ. ಒಮಾನಿನಲ್ಲಿ ತೆಗೆದ ಫೋಟೊಗಳ ಲೆಕ್ಕದಲ್ಲಿ ಸಿಕ್ಕ ಅಂದಾಜು ಬರೀ 82. ಅರವತ್ತರ ದಶಕದಲ್ಲಿ ಸೋವಿಯತ್ ಹಡಗುಗಳು ಇಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಅಕ್ರಮವಾಗಿ ಕೊಂದು ಲೆಕ್ಕ ಮುಚ್ಚಿಟ್ಟವು. ನಿಜ ಹೊರಬಿದ್ದದ್ದು ತೊಂಬತ್ತರ ದಶಕದಲ್ಲಿ. ವಿಪರ್ಯಾಸ ನೋಡಿ, ಇವು ಇಲ್ಲೇ ಹುಟ್ಟಿ ಇಲ್ಲೇ ಉಣ್ಣುತ್ತವೆಂಬ ಮೊದಲ ಗಟ್ಟಿ ಸುಳಿವು ಸಿಕ್ಕಿದ್ದೂ ಆ ಕಟುಕರ ದಾಖಲೆಯಲ್ಲೇ. ಹೊಟ್ಟೆ ಸೀಳಿ ಬರೆದಿಟ್ಟ ಲೆಕ್ಕ ಅದು!

ಈಗ ಈಟಿಯ ಭಯವಿಲ್ಲ. ಬಲೆಯ ಭಯವಿದೆ, ಹಡಗಿನ ಭಯವಿದೆ. ಒಮಾನಿನಲ್ಲಿ ಗುರುತಿಸಿದವುಗಳಲ್ಲಿ ಹಲವುಗಳ ಬಾಲದಲ್ಲಿ ಹಗ್ಗ ಕೊಯ್ದ ಗಾಯದ ಗೆರೆಗಳಿವೆ. ಹಡಗಿನ ದಾರಿಯನ್ನು ಎಲ್ಲಿ ತಿರುಗಿಸಬೇಕು, ಯಾವ ತಿಂಗಳು ಯಾವ ಬಲೆ ಬೇಡ ಎನ್ನಬೇಕಾದರೆ ತಿಮಿಂಗಿಲ ಎಲ್ಲಿದೆಯೆಂದು ಮೊದಲು ಗೊತ್ತಾಗಬೇಕಲ್ಲ? ಅದಕ್ಕೆ ದೋಣಿ ಬೇಕು, ಡೀಸೆಲ್ ಬೇಕು, ಸಮುದ್ರದಲ್ಲಿ ದಿನಗಟ್ಟಲೆ ಕಾಯುವ ಜನ ಬೇಕು. ಬೋಟಿನವರ ಕಣ್ಣೂ ಬೇಕು.

ಗೋವಾದ ಕಡಲಿನಲ್ಲಿ ನೀರೊಳಗೆ ಇಳಿಬಿಟ್ಟ ಮೈಕುಗಳಿಗೆ ಹಂಪ್‌ಬ್ಯಾಕ್ ಹಾಡು ಸಿಕ್ಕಿದೆ. ಹಾಡುವುದು ಗಂಡು ಮಾತ್ರ. ಅಂದರೆ ಲುಬಾನ್ ಅಲ್ಲದೆ ಬೇರೆಯವರೂ ಈ ಕಡೆ ಬರುತ್ತಾರೆ.