ಕಾರಿನ ದೇಶ ಯಾವುದು, ಕಾರು ಬಾಳಿದ ಊರು ಯಾವುದು?

ಮನೆಯಲ್ಲಿ ಹಳೆಯ ಕಾರು ಕೊಳ್ಳುವ ಮಾತು ಬಂದರೆ ಎಲ್ಲರೂ ಮೊದಲು ಕಂಪನಿಯ ಹೆಸರು ಕೇಳುತ್ತಾರೆ. ಜಪಾನಿನ ಗಾಡಿ ಕೈಕೊಡುವುದಿಲ್ಲ ಎಂದು ಅಬ್ಬಾ ಹೇಳಿದರೆ, ಜರ್ಮನಿಯ ತಗಡು ಗಟ್ಟಿ ಎಂದು ಚಾಚಾ ಹೇಳುತ್ತಾರೆ. ಅಂಬಾಸಿಡರ್‌ನಂಥ ಗಾಡಿ ಇನ್ನು ಬರಲಾರದು ಎಂಬುದು ಅಜ್ಜನ ಮಾತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಎಷ್ಟೋ ಕುಟುಂಬಗಳಿಗೆ ಹಳೆಯ ಕಾರೆಂದರೆ ಹಲವು ವರ್ಷಗಳ ಉಳಿತಾಯ. ಕೆಲವರಿಗೆ ಅದೇ ಬಾಡಿಗೆ ಗಾಡಿ, ಅದೇ ದುಡಿಮೆ. ಆದ್ದರಿಂದ ಈ ಮಾತುಗಳಲ್ಲಿ ಎಷ್ಟು ನಿಜವಿದೆ ಎಂದು ನೋಡಬೇಕು. ಅದಕ್ಕೆ ನಾವು ದ್ವಿತೀಯ ಪಿಯುಸಿಯಲ್ಲಿ ಓದುವ ಎಲೆಕ್ಟ್ರೋಕೆಮಿಸ್ಟ್ರಿ ಪಾಠ ಬಹಳ ಸಹಾಯ ಮಾಡುತ್ತದೆ.

ತುಕ್ಕು ಹಿಡಿಯುವುದು ಹೇಗೆ?

ಕಪ್ಪತಗುಡ್ಡದ ಕೆಂಪು ಕಲ್ಲಿನಲ್ಲಿ ಕಬ್ಬಿಣವು ಆಮ್ಲಜನಕದೊಂದಿಗೆ ಸೇರಿಕೊಂಡು ಅದಿರಾಗಿ ಇರುತ್ತದೆ. ಅಂಥ ಅದಿರಿಗೆ ಕಾರ್ಖಾನೆಯಲ್ಲಿ ಭಾರಿ ಶಾಖ ಕೊಟ್ಟು, ಆಮ್ಲಜನಕವನ್ನು ಬಿಡಿಸಿ ಉಕ್ಕು ಮಾಡುತ್ತಾರೆ. ನೀರು ಮತ್ತು ಗಾಳಿ ಒಟ್ಟಿಗೆ ಸಿಕ್ಕರೆ ಆ ಉಕ್ಕು ಮತ್ತೆ ಆಕ್ಸೈಡ್ ಆಗುತ್ತದೆ. ಇದನ್ನೇ ತುಕ್ಕು ಎನ್ನುತ್ತೇವೆ, ಗ್ಯಾರೇಜಿನ ಮಾತಿನಲ್ಲಿ ಜಂಗು.

ತಗಡಿನ ಒಂದು ಜಾಗ ಆನೋಡ್ ಆಗಿ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಪಕ್ಕದ ಜಾಗ ಕ್ಯಾಥೋಡ್ ಆಗುತ್ತದೆ, ನಡುವಿನ ತೇವ ಎಲೆಕ್ಟ್ರೋಲೈಟ್ ಆಗುತ್ತದೆ. ಆ ತೇವದಲ್ಲಿ ಉಪ್ಪು ಕರಗಿದ್ದರೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ತುಕ್ಕು ಬೇಗ ಬೆಳೆಯುತ್ತದೆ. ಕಡಲ ದಂಡೆಯ ಕಾರು ಬೇಗ ಹಾಳಾಗಲು ಇದೇ ಕಾರಣ. ಕೆನಡಾ, ಸ್ವೀಡನ್‌ನಂಥ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವುದರಿಂದ ಅಲ್ಲಿಯೂ ಕಾರುಗಳಿಗೆ ಇದೇ ಗತಿ.

ಇದಕ್ಕೆ ಒಳ್ಳೆಯ ತಡೆ ಸತು, ಅಂದರೆ ಜಿಂಕ್. ನಮ್ಮ ಪುಸ್ತಕದ ಪಟ್ಟಿಯಲ್ಲಿ ಸತುವಿನ ಪ್ರಮಾಣಿತ ವಿಭವ ಮೈನಸ್ 0.76 ವೋಲ್ಟ್, ಕಬ್ಬಿಣದ್ದು ಮೈನಸ್ 0.44 ವೋಲ್ಟ್. ಸತು ಎಲೆಕ್ಟ್ರಾನ್‌ಗಳನ್ನು ಕಬ್ಬಿಣಕ್ಕಿಂತ ಸುಲಭವಾಗಿ ಬಿಡುತ್ತದೆ. ಸತು ಲೇಪಿಸಿದ ತಗಡಿಗೆ ಗೀರು ಬಿದ್ದರೂ ಮೊದಲು ಸವೆಯುವುದು ಸತುವೇ, ಕಬ್ಬಿಣ ಉಳಿಯುತ್ತದೆ. ಇದರ ಜೊತೆಗೆ ಇಂದಿನ ಕಾರ್ಖಾನೆಗಳಲ್ಲಿ ಇಡೀ ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಕೈ ಹೋಗದ ಸಂದಿಗಳಲ್ಲಿಯೂ ಆಗ ಬಣ್ಣ ಕೂರುತ್ತದೆ.

ದೇಶಗಳ ದಾಖಲೆ ಏನು ಹೇಳುತ್ತದೆ?

ಇಟಲಿಯ ಲಾನ್ಸಿಯಾ ಕಂಪನಿಯ ಬೀಟಾ ಕಾರಿನಲ್ಲಿ ಎಂಜಿನ್ ಕೂರುವ ಚೌಕಟ್ಟಿಗೇ ತುಕ್ಕು ಹಿಡಿಯಿತು. 1980ರ ಹೊತ್ತಿಗೆ ಬ್ರಿಟನ್ನಿನಲ್ಲಿ ಕಂಪನಿಯೇ ಆ ಕಾರುಗಳನ್ನು ಗ್ರಾಹಕರಿಂದ ಮರಳಿ ಕೊಳ್ಳಬೇಕಾಯಿತು. 1970ರ ದಶಕದ ಜಪಾನ್ ಕಾರುಗಳ ಎಂಜಿನ್‌ಗೆ ಬ್ರಿಟನ್, ಅಮೆರಿಕಗಳಲ್ಲಿ ಒಳ್ಳೆಯ ಹೆಸರಿತ್ತು, ಆದರೆ ಬಾಡಿ ಬೇಗ ತೂತಾಗುತ್ತಿತ್ತು. ಜರ್ಮನಿಯ ಆಡಿ 1980ರ ದಶಕದ ನಡುವಿನಿಂದ ಪೂರ್ತಿ ಸತು ಲೇಪಿತ ಬಾಡಿ ತಯಾರಿಸಿ ದಾರಿ ತೋರಿಸಿತು. ಅದೇ ಜರ್ಮನಿಯ ಮರ್ಸಿಡಿಸ್ 1990ರ ದಶಕದ ಕೊನೆಯಲ್ಲಿ ಮಾರಿದ ಇ-ಕ್ಲಾಸ್ ಕಾರುಗಳು ತುಕ್ಕಿಗೆ ಕುಖ್ಯಾತವಾದವು.

ಎಲ್ಲಕ್ಕಿಂತ ಮುಖ್ಯವಾದ ಉದಾಹರಣೆ ಟೊಯೊಟಾ. ನಂಬಿಕೆಗೆ ಇನ್ನೊಂದು ಹೆಸರು ಎನಿಸಿದ ಈ ಕಂಪನಿ, ಅಮೆರಿಕದಲ್ಲಿ ಮಾರಿದ ಟಕೋಮಾ ಮುಂತಾದ ಸುಮಾರು 15 ಲಕ್ಷ ವಾಹನಗಳ ಚಾಸಿಗೆ ತುಕ್ಕು ಹಿಡಿದ ಮೊಕದ್ದಮೆಯಲ್ಲಿ, 2016ರಲ್ಲಿ 340 ಕೋಟಿ ಡಾಲರ್‌ವರೆಗಿನ ಪರಿಹಾರಕ್ಕೆ ಒಪ್ಪಿಕೊಂಡಿತು. ಆ ವಾಹನಗಳ ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು.

ಒಂದೇ ದೇಶ, ಒಂದೇ ಕಂಪನಿ, ಆದರೂ ಒಂದು ಕಾಲದ ಕಾರು ಒಳ್ಳೆಯದು, ಇನ್ನೊಂದು ಕಾಲದ್ದು ಅಲ್ಲ. ಎಂಜಿನ್ನಿನ ನಂಬಿಕೆ ಬೇರೆ, ಬಾಡಿಯ ಬಾಳಿಕೆ ಬೇರೆ. ನಮ್ಮ ಅಂಬಾಸಿಡರ್ ಮತ್ತು ಪದ್ಮಿನಿಯ ತಗಡು ದಪ್ಪ ಎಂಬುದು ನಿಜ. ದಪ್ಪ ತಗಡು ತೂತಾಗಲು ಹೆಚ್ಚು ಕಾಲ ಬೇಕು, ಆದರೆ ತುಕ್ಕು ಹಿಡಿಯುವುದನ್ನು ದಪ್ಪ ತಡೆಯುವುದಿಲ್ಲ.

ನಂಬಿಕೆಯ ಗಾಡಿ ಯಾವುದು?

ಜಪಾನ್ ಕಾರುಗಳ ಒಳ್ಳೆಯ ಹೆಸರಿಗೆ ಕಾರಣವಿದೆ. 1950ರಲ್ಲಿ ಅಮೆರಿಕದ ಡೆಮಿಂಗ್ ಎಂಬ ಸಂಖ್ಯಾಶಾಸ್ತ್ರಜ್ಞರು ಜಪಾನಿನ ಎಂಜಿನಿಯರುಗಳಿಗೆ ಗುಣಮಟ್ಟ ನಿಯಂತ್ರಣದ ಪಾಠ ಹೇಳಿದರು. ಮರುವರ್ಷವೇ ಅವರ ಹೆಸರಿನಲ್ಲಿ ಅಲ್ಲಿ ಪ್ರಶಸ್ತಿ ಶುರುವಾಯಿತು. ದೋಷ ಕಂಡರೆ ಸಾಮಾನ್ಯ ಕಾರ್ಮಿಕನೂ ಉತ್ಪಾದನೆಯ ಸಾಲನ್ನು ನಿಲ್ಲಿಸಬಹುದು ಎಂಬ ಪದ್ಧತಿಯನ್ನು ಟೊಯೊಟಾ ಬೆಳೆಸಿತು. ಕೊರಿಯಾದ ಹ್ಯುಂಡೈ ಅಮೆರಿಕದಲ್ಲಿ ತನ್ನ ಕೆಟ್ಟ ಹೆಸರು ತೊಳೆಯಲು 1998ರಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ 10 ವರ್ಷಗಳ ವಾರಂಟಿ ಘೋಷಿಸಿತು. ಅದೇ ವರ್ಷ ನಮ್ಮಲ್ಲಿ ಸ್ಯಾಂಟ್ರೊ ಬಂತು.

ಆದರೆ ನಾವು ಕೊಳ್ಳುವ ಕಾರು ಹೆಸರಿಗೆ ಮಾತ್ರ ಹೊರದೇಶದ್ದು. ಸುಜುಕಿ ಹರಿಯಾಣದಲ್ಲಿ, ಹ್ಯುಂಡೈ ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ, ಟೊಯೊಟಾ ನಮ್ಮ ಬಿಡದಿಯಲ್ಲಿ ಕಾರು ತಯಾರಿಸುತ್ತವೆ. ಮುಂಡರಗಿಯಲ್ಲಿ ಇರುವವರಿಗೆ ನಂಬಿಕೆಯ ಗಾಡಿ ಎಂದರೆ ಕೆಟ್ಟಾಗ ಬಿಡಿಭಾಗ ಬೇಗ ಸಿಗುವ, ಊರಿನ ಮಿಸ್ತ್ರಿಗೆ ರಿಪೇರಿ ಗೊತ್ತಿರುವ ಗಾಡಿ. ಷೆವರ್ಲೆ 2017ರ ಕೊನೆಯಲ್ಲಿ ಭಾರತದ ಮಾರಾಟ ನಿಲ್ಲಿಸಿತು, 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸಿ ಮಾರುವುದನ್ನು ಬಿಡುವುದಾಗಿ ಹೇಳಿತು. ಇಂಥ ಕಾರು ಕಡಿಮೆ ಬೆಲೆಗೆ ಬಂದರೆ, ಸಾಮಾನು ಎಲ್ಲಿಂದ ತರಿಸಬೇಕು ಎಂದು ಮಿಸ್ತ್ರಿಯನ್ನು ಮೊದಲೇ ಕೇಳಬೇಕು.

ನಮ್ಮ ಊರು, ಕರಾವಳಿಯ ಕಾರು

ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಕರಾವಳಿಯಲ್ಲಿ 3,000 ಮಿ.ಮೀ.ಗೂ ಹೆಚ್ಚು, ಜೊತೆಗೆ ಉಪ್ಪುಗಾಳಿ. ಆದ್ದರಿಂದ ಒಂದೇ ವರ್ಷ, ಒಂದೇ ಕಾರ್ಖಾನೆಯಿಂದ ಹೊರಬಂದ ಎರಡು ಕಾರುಗಳಲ್ಲಿ ಒಂದು ಗದಗಿನಲ್ಲೂ ಇನ್ನೊಂದು ಕಾರವಾರದಲ್ಲೂ ಹತ್ತು ವರ್ಷ ಇದ್ದರೆ, ಅವುಗಳ ತಳ ಒಂದೇ ತೆರನಾಗಿ ಇರಲಾರದು. ನೋಂದಣಿ ಸಂಖ್ಯೆ ಇದರ ಸುಳಿವು ಕೊಡುತ್ತದೆ. ಕೆಎ-26 ಗದಗ, ಕೆಎ-19 ಮಂಗಳೂರು, ಕೆಎ-20 ಉಡುಪಿ, ಕೆಎ-30 ಕಾರವಾರ. ರಾಜ್ಯದೊಳಗೆ ಮಾರಿದರೆ ಸಂಖ್ಯೆ ಬದಲಾಗುವುದಿಲ್ಲ. ಗೋವಾದಿಂದ ಬಂದ ಕಾರಿಗೆ ಇಲ್ಲಿ ಹೊಸ ಸಂಖ್ಯೆ ಸಿಕ್ಕಿರಬಹುದು, ಆಗ ಹಳೆಯ ಕಾಗದಪತ್ರ ಕೇಳಬೇಕು.

ಒಣ ಊರು ಎಂದು ನಾವು ಮೈಮರೆಯುವಂತಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಚಕ್ರದ ಮೇಲಿನ ಸಂದಿಯಲ್ಲಿ ಮೆತ್ತಿಕೊಂಡು ವಾರಗಟ್ಟಲೆ ತೇವ ಹಿಡಿದಿಡುತ್ತದೆ. ಡಿಕ್ಕಿಯಲ್ಲಿ ಸಾಗಿಸುವ ಗೊಬ್ಬರದ ಚೀಲದಿಂದ ಉದುರುವ ಯೂರಿಯಾ, ಡಿಎಪಿ ಕಾಳುಗಳು ತೇವ ಎಳೆದುಕೊಂಡು ತಗಡನ್ನು ತಿನ್ನುತ್ತವೆ. ಬೋರ್‌ವೆಲ್ಲಿನ ಸವಳು ನೀರಿನಲ್ಲಿ ತೊಳೆದು ಒರೆಸದೆ ಬಿಟ್ಟರೆ ಉಪ್ಪು ಅಲ್ಲಿಯೇ ಉಳಿಯುತ್ತದೆ.

ಕೊಳ್ಳುವ ಮುನ್ನ ನೋಡಬೇಕಾದದ್ದು

ಕಾಲಡಿಯ ಮ್ಯಾಟ್ ಎತ್ತಿ ತಳವನ್ನು ಒತ್ತಿ ನೋಡಿ. ಸ್ಟೆಪ್ನಿ ಇಡುವ ಗುಂಡಿ, ಬಾಗಿಲುಗಳ ಕೆಳ ಅಂಚು, ಜಾಕ್ ಹಚ್ಚುವ ಜಾಗ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ಮೇಲ್ಭಾಗ ಕೂರುವ ಜಾಗ, ಇವುಗಳನ್ನು ಟಾರ್ಚ್ ಹಿಡಿದು ನೋಡಿ. ಬಾಗಿಲಿನ ಕೆಳಗೆ ನೀರು ಇಳಿಯುವ ಸಣ್ಣ ರಂಧ್ರಗಳು ಮುಚ್ಚಿರಬಾರದು. ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಆಡಿಸಿ, ಅದು ಹಿಡಿಯದ ಜಾಗದಲ್ಲಿ ಬಣ್ಣದ ಕೆಳಗೆ ಪುಟ್ಟಿ ದಪ್ಪಗಿರಬಹುದು. ಗಾಡಿಯನ್ನು ರ‍್ಯಾಂಪ್ ಮೇಲೆ ಏರಿಸಿ ಬ್ರೇಕ್ ಪೈಪ್ ತೋರಿಸಲು ಮಿಸ್ತ್ರಿಗೆ ಹೇಳಿ. ಬಾಗಿಲಿನ ತುಕ್ಕು ಅಂದ ಕೆಡಿಸುತ್ತದೆ, ಬ್ರೇಕ್ ಪೈಪಿನ ತುಕ್ಕು ಜೀವ ತೆಗೆಯಬಲ್ಲದು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಟಿಒ ಕಚೇರಿಯ ತಪಾಸಣೆಯಲ್ಲಿ ಪಾಸಾದರೆ ಮಾತ್ರ ನೋಂದಣಿ ಮುಂದುವರಿಯುತ್ತದೆ ಎಂಬುದೂ ನೆನಪಿರಲಿ.

ಕೊನೆಯದಾಗಿ, ಮಾರುವವರಿಗೂ ಒಂದು ಮಾತು. ಪ್ರವಾದಿ ಮುಹಮ್ಮದ್ (ಸ) ಅವರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ತೇವ ತಾಗಿತು. ಮಳೆಗೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತು ಎಂದು ಅವರು ವ್ಯಾಪಾರಿಗೆ ತಿಳಿಹೇಳಿದ ಪ್ರಸಂಗ ಹದೀಸಿನಲ್ಲಿದೆ. ತುಕ್ಕಿನ ಮೇಲೆ ಪುಟ್ಟಿ ಬಳಿದು, ಹೊಸ ಬಣ್ಣ ಹೊಡೆದು, ತಿಳಿಸದೆ ಮಾರುವುದಕ್ಕೂ ಇದೇ ಮಾತು ಸಲ್ಲುತ್ತದೆ. ನಮ್ಮಲ್ಲಿ ಅನೇಕರ ಅಣ್ಣಂದಿರು, ಮಾಮುಗಳು ಗ್ಯಾರೇಜಿನಲ್ಲಿ ದುಡಿಯುತ್ತಾರೆ, ನಾಳೆ ನಮ್ಮಲ್ಲಿ ಕೆಲವರೂ ಅದೇ ಕೆಲಸ ಹಿಡಿಯಬಹುದು. ಇರುವ ತುಕ್ಕನ್ನು ತೋರಿಸಿ, ಅದಕ್ಕೆ ತಕ್ಕ ಬೆಲೆ ಹೇಳುವ ಮಿಸ್ತ್ರಿಯ ಬಳಿಗೆ ಗಿರಾಕಿ ಮತ್ತೆ ಬರುತ್ತಾನೆ.