ಹಿಮದ ನಡುವೆ ಒಂದು ಮುಖ

ವ್ಯಕ್ತಿಯೊಬ್ಬರ ಮುಖವನ್ನು ಬರೆದ ಚಿತ್ರಕ್ಕೆ ಕನ್ನಡದಲ್ಲಿ ‘ಭಾವಚಿತ್ರ’ ಎಂಬ ಅರ್ಥವತ್ತಾದ ಹೆಸರಿದೆ. ಕಣ್ಣು, ಮೂಗು, ಹಣೆಗಳ ಅಳತೆ ಸರಿಯಾದ ಮಾತ್ರಕ್ಕೆ ಭಾವಚಿತ್ರವಾಗದು, ಅವುಗಳ ಹಿಂದಿರುವ ಮನಸ್ಸೂ ಕಾಣಬೇಕೆಂಬ ವಿವೇಕ ಆ ಪದದಲ್ಲಿಯೇ ಅಡಗಿದೆ. ಕುಂಚ, ಕಾಗದಗಳನ್ನು ಬಿಟ್ಟು ಗಾಜಿನ ತೆರೆಯ ಮೇಲೆ ಚಿತ್ರ ಬರೆಯುವ ಈ ಕಾಲದಲ್ಲಿ ಆ ವಿವೇಕ ಇನ್ನೂ ಹೆಚ್ಚು ಅವಶ್ಯ. ಅಮೆರಿಕದ ‘ಫಾರ್ಗೊ’ ಎಂಬ ಚಲಚ್ಚಿತ್ರದ ಸ್ಫೂರ್ತಿಯಿಂದ ರಚಿತವಾಗುವ ಡಿಜಿಟಲ್ ಭಾವಚಿತ್ರಗಳು ಇದಕ್ಕೆ ಒಳ್ಳೆಯ ನಿದರ್ಶನ.

ಜೋಯೆಲ್ ಕೋಯೆನ್, ಈಥನ್ ಕೋಯೆನ್ ಸಹೋದರರು 1996ರಲ್ಲಿ ತೆರೆಗೆ ತಂದ ಈ ಚಿತ್ರದ ಕಥೆ 1987ರ ಚಳಿಗಾಲದಲ್ಲಿ, ಹಿಮ ಮುಸುಕಿದ ಮಿನೆಸೋಟ ಮತ್ತು ನಾರ್ತ್ ಡಕೋಟ ಸೀಮೆಯಲ್ಲಿ ನಡೆಯುತ್ತದೆ. ಜೆರ್ರಿ ಎಂಬ ಕಾರು ಮಾರಾಟಗಾರನು ಹಣದ ಮುಗ್ಗಟ್ಟಿಗೆ ಸಿಲುಕಿ, ಶ್ರೀಮಂತ ಮಾವನಿಂದ ಹಣ ಕೀಳುವುದಕ್ಕಾಗಿ ತನ್ನ ಹೆಂಡತಿಯನ್ನೇ ಅಪಹರಿಸಲು ಇಬ್ಬರು ದುಷ್ಟರನ್ನು ಗೊತ್ತುಮಾಡುತ್ತಾನೆ. ಆ ಹೂಟ ಕೊಲೆಯ ಮೇಲೆ ಕೊಲೆಗೆ ಎಡೆಮಾಡುತ್ತದೆ. ಆದರೂ ಅಪರಾಧಿಗಳ ಹೆಡ್ಡತನ, ಊರವರ ಅತಿವಿನಯದ ಮಾತು ನಗೆ ತರಿಸುತ್ತವೆ. ನಕ್ಕ ಮರುಕ್ಷಣವೇ ನಾಚಿಕೆಯಾಗುತ್ತದೆ. ಕರಾಳ ಹಾಸ್ಯವೆಂದರೆ ಇದೇ. ಚಿತ್ರದ ಭಿತ್ತಿಪತ್ರವೂ ಇದೇ ಧಾಟಿಯದು: ಮಗುಚಿದ ಕಾರು, ಹಿಮದಲ್ಲಿ ಬಿದ್ದ ಹೆಣ, ಎಲ್ಲವನ್ನೂ ಮನೆಯ ಗೋಡೆಗೆ ತೂಗುಹಾಕುವ ಕಸೂತಿಯಂತೆ ದಾರದ ಹೊಲಿಗೆಯಲ್ಲಿ ತೋರಿಸಲಾಗಿತ್ತು.

ಭಾವಚಿತ್ರಕಾರರನ್ನು ಸೆಳೆಯುವ ಮುಖ ಮಾರ್ಜ್ ಗಂಡರ್ಸನ್ ಎಂಬಾಕೆಯದು. ಬ್ರೇನರ್ಡ್ ಎಂಬ ಊರಿನ ಪೊಲೀಸ್ ಮುಖ್ಯಸ್ಥೆಯಾದ ಆಕೆ ಏಳು ತಿಂಗಳ ಗರ್ಭಿಣಿ. ತುಪ್ಪುಳದ ಟೋಪಿ, ದಪ್ಪನೆಯ ಕೋಟು ಧರಿಸಿ, ಹೆಣಗಳ ಸುತ್ತಲಿನ ಹೆಜ್ಜೆಗುರುತುಗಳನ್ನು ಶಾಂತಚಿತ್ತದಿಂದ ಪರಿಶೀಲಿಸುತ್ತಾಳೆ. ಈ ಪಾತ್ರಕ್ಕಾಗಿ ಫ್ರಾನ್ಸೆಸ್ ಮೆಕ್‌ಡಾರ್ಮಂಡ್ ಅವರಿಗೆ 1997ರಲ್ಲಿ ಶ್ರೇಷ್ಠ ನಟಿಯ ಆಸ್ಕರ್ ಪ್ರಶಸ್ತಿ ಸಂದಿತು.

ಈ ಮುಖವನ್ನು ಡಿಜಿಟಲ್ ರೀತಿಯಲ್ಲಿ ಬರೆಯುವ ಕ್ರಮ ಹೀಗೆ. ವಿಶೇಷ ಲೇಖನಿಯನ್ನು ಒತ್ತಿದಷ್ಟೂ ಗೆರೆ ದಪ್ಪವಾಗುತ್ತದೆ. ರೇಖೆ, ಬಣ್ಣ, ನೆರಳುಗಳನ್ನು ಪಾರದರ್ಶಕ ಹಾಳೆಗಳಂತೆ ಬೇರೆಬೇರೆ ಪದರಗಳಲ್ಲಿ ಇರಿಸಬಹುದು. ಒಂದನ್ನು ತಿದ್ದಿದರೆ ಮತ್ತೊಂದು ಕೆಡದು. ಹಿಮದಿಂದ ಪ್ರತಿಫಲಿಸಿದ ಬೆಳಕು ಕೆಳಗಿನಿಂದಲೂ ಬೀಳುವುದರಿಂದ ಗದ್ದದ ಅಡಿಯ ನೆರಳು ತಿಳಿಯಾಗುತ್ತದೆ. ಚಳಿಗೆ ಕೆನ್ನೆ, ಮೂಗಿನ ತುದಿ ಕೆಂಪಾಗುತ್ತವೆ. ಇಷ್ಟನ್ನು ಅಭ್ಯಾಸದಿಂದ ಸಾಧಿಸಬಹುದು. ಛಾಯಾಚಿತ್ರವನ್ನು ಅಡಿಯಲ್ಲಿಟ್ಟು ಗೆರೆ ಎಳೆದರೆ ಹೋಲಿಕೆಯೂ ಸುಲಭವಾಗಿ ಬಂದೀತು. ಆದರೆ ಸೆರೆಸಿಕ್ಕ ಕೊಲೆಗಾರನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವಾಗ, ಅಷ್ಟಿಷ್ಟು ಹಣಕ್ಕಾಗಿ ಇಷ್ಟೆಲ್ಲ ಏಕೆ ಮಾಡಿದೆಯೆಂದು ಕೇಳುವ ಆಕೆಯ ಮುಖದಲ್ಲಿ ಕೋಪವಿಲ್ಲ, ಅರ್ಥವಾಗದ ವ್ಯಥೆಯಿದೆ. ಅದನ್ನು ಯಾವ ಪದರದಲ್ಲಿ ಬರೆಯಬೇಕೆಂದು ಯಂತ್ರ ಹೇಳಿಕೊಡದು.

ಕೊಲೆಗಡುಕನೊಬ್ಬನ ಮುಖ ಹೇಗಿತ್ತೆಂದು ಕೇಳಿದಾಗ, ಅವನೊಡನೆ ಕಾಲ ಕಳೆದ ತರುಣಿಯು ವಿಚಿತ್ರವಾಗಿತ್ತೆಂದಷ್ಟೇ ಹೇಳುತ್ತಾಳೆ. ನೋಡಿಯೂ ನೋಡದಿರುವುದು ಹೀಗೆಯೇ. ಈ ಚಿತ್ರ ಎಳೆಯ ಮಕ್ಕಳಿಗೆ ತಕ್ಕುದಲ್ಲ, ನಿಜ. ಆದರೆ ದೊಡ್ಡ ಮಕ್ಕಳು ಮೊಬೈಲಿನಲ್ಲಿ ಯಾರದಾದರೂ ಮುಖ ಬರೆದು ತಂದಾಗ, ತಂದೆತಾಯಂದಿರು ಹೊತ್ತು ಕಳೆಯುವ ಆಟವೆಂದು ಗದರಿಸಬಾರದು. ಹೋಲಿಕೆಯನ್ನಷ್ಟೇ ಹೊಗಳಿಯೂ ಸುಮ್ಮನಾಗಬಾರದು. ಇವರು ಈಗ ಏನು ಯೋಚಿಸುತ್ತಿದ್ದಾರೆಂದು ಕೇಳಬೇಕು. ಉತ್ತರ ಹುಡುಕುವ ಮಗು ಎದುರಿಗಿರುವ ಮನುಷ್ಯನನ್ನು ಮತ್ತೊಮ್ಮೆ ನೋಡುತ್ತದೆ.

ಮಾರ್ಜಳ ಪತಿ ನಾರ್ಮ್ ಸಹ ಚಿತ್ರಕಾರ. ಅವನು ಬರೆದ ಕಾಡುಬಾತಿನ ಚಿತ್ರ ಕೇವಲ 3 ಸೆಂಟಿನ ಅಂಚೆಚೀಟಿಗೆ ಆಯ್ಕೆಯಾಗುತ್ತದೆ. ಅದನ್ನು ಯಾರು ಕೊಳ್ಳುತ್ತಾರೆಂದು ಅವನು ಕೊರಗಿದಾಗ, ಅಂಚೆಯ ದರ ಏರಿದಾಗಲೆಲ್ಲ ಹಳೆಯ ಚೀಟಿಯ ಜೊತೆಗೆ ಹಚ್ಚಲು ಸಣ್ಣ ಚೀಟಿಯೇ ಬೇಕೆಂದು ಆಕೆ ಸಂತೈಸುತ್ತಾಳೆ. ಭಾವಚಿತ್ರ ಬರೆಯುವವರು ಆ ಗಳಿಗೆಯ ಮಾರ್ಜಳ ಮುಖವನ್ನೂ ಒಮ್ಮೆ ಬರೆದು ನೋಡಬೇಕು.